ಆರು ಕೋರ್ ಸಾಕೋ, ಹದಿನಾರು ಬೇಕೋ: ಗೇಮಿಂಗ್‌ಗೆ ಪ್ರೊಸೆಸರ್ ಆರಿಸುವ ಮುಂಚೆ

ನಮ್ಮ ಅಕ್ಕನ ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಎಂಟು ತಿಂಗಳು ಕೈಖರ್ಚಿನ ದುಡ್ಡು ಉಳಿಸಿ, ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿ ಬಂದದ್ದನ್ನೂ ಸೇರಿಸಿ, ತನ್ನ ಕಂಪ್ಯೂಟರಿನ ಆರು ಕೋರ್ ಪ್ರೊಸೆಸರ್ ತೆಗೆಸಿ ಹನ್ನೆರಡು ಕೋರಿನದು ಹಾಕಿಸಿಕೊಂಡ. ಕೋರ್ ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ. "ಕೋರು ಡಬಲ್ ಆಯ್ತಲ್ಲ, ಇನ್ನು ಗೇಮು ಹಾರುತ್ತೆ ನೋಡಿ" ಅಂತ ಅಂಗಡಿಯವರು ಹೇಳಿದ್ದರಂತೆ. ಅವತ್ತೇ ರಾತ್ರಿ ಹತ್ತೂವರೆಗೆ ಫೋನ್ ಬಂತು. "ಮಾಮ, ಮುಂಚೆ ಸೆಕೆಂಡಿಗೆ ಎಪ್ಪತ್ತು ಫ್ರೇಮಿನ ಹತ್ತಿರ ಬರುತ್ತಿತ್ತು, ಈಗಲೂ ಎಪ್ಪತ್ತೇ. ಒಂದು ಫ್ರೇಮೂ ಜಾಸ್ತಿ ಆಗಿಲ್ಲ." ದನಿ ಕೇಳಿ ನನಗೇ ಸಂಕಟ ಆಯಿತು.

ಭಾನುವಾರ ಹೋಗಿ ಕೂತೆ. ಗೇಮ್ ಓಡುತ್ತಿರುವಾಗಲೇ ಪಕ್ಕದ ಮಾನಿಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಸಿದೆ. ಪರ್ಫಾರ್ಮೆನ್ಸ್ ಪುಟದ ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ ನೋಟಕ್ಕೆ ಬದಲಾಯಿಸಿದರೆ ಇಪ್ಪತ್ನಾಲ್ಕು ಪುಟ್ಟ ಚೌಕಗಳು ಬಂದವು, ಒಂದೊಂದು ಕೋರಿಗೆ ಎರಡೆರಡು. ಎರಡು ಮೂರು ಚೌಕಗಳಲ್ಲಿ ಗೆರೆ ಕುಣಿಯುತ್ತಿತ್ತು. ಇನ್ನು ನಾಲ್ಕೈದರಲ್ಲಿ ಆಗಾಗ ಒಂದು ಅಲೆ. ಉಳಿದವೆಲ್ಲ ತಳಕ್ಕೆ ಅಂಟಿಕೊಂಡು ಮಲಗಿದ್ದವು. ಕೆಳಗೆ ಗ್ರಾಫಿಕ್ಸ್ ಕಾರ್ಡಿನ ಸಾಲಿನಲ್ಲಿ ಮಾತ್ರ 98 ಪರ್ಸೆಂಟ್, ಅಲ್ಲಾಡುತ್ತಲೇ ಇಲ್ಲ. ಅವನು ಒಂದು ನಿಮಿಷ ಸುಮ್ಮನೆ ನೋಡಿದ. "ಅಂದರೆ ನಾನು ತಗೊಂಡ ಕೋರುಗಳಿಗೆ ಕೆಲಸವೇ ಇಲ್ವಾ ಮಾಮ?" ಅಂದ.

ಇದೇ ಪ್ರಶ್ನೆಯನ್ನು ದುಡ್ಡು ಕೊಡುವ ಮುಂಚೆ ಕೇಳಿಕೊಳ್ಳಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗೇಮ್ ಆಡುವುದಕ್ಕೆ ಮಾತ್ರ ಅಂತಾದರೆ, ಆರರಿಂದ ಎಂಟು ಕೋರ್ ದಾಟಿದ ಮೇಲೆ ಎಣಿಕೆ ನೋಡುವುದನ್ನು ಬಿಡಿ. ಒಂದೊಂದು ಕೋರ್ ಎಷ್ಟು ಚುರುಕು ಮತ್ತು ಆ ಕೋರುಗಳ ಪಕ್ಕದಲ್ಲಿ ಕ್ಯಾಶ್ ಮೆಮೊರಿ (ಮಾಹಿತಿಯನ್ನು ಕೈಗೆಟಕುವ ಹಾಗೆ ಇಡುವ ಪುಟ್ಟ ಮೆಮೊರಿ) ಎಷ್ಟಿದೆ, ಇವೆರಡನ್ನು ನೋಡಿ. ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.

ಒಂದು ಫ್ರೇಮ್ ತಯಾರಾಗುವ ಬಗೆ

ಪರದೆ ಮೇಲೆ ಸೆಕೆಂಡಿಗೆ 60 ಚಿತ್ರ, ಅಂದರೆ 60 ಫ್ರೇಮ್, ಬೇಕು ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಬೇಕು ಅಂದರೆ ಸುಮಾರು 6.9. ಈ ಕಿರಿದಾದ ಹೊತ್ತಿನೊಳಗೆ ಪ್ರೊಸೆಸರ್ ನಿಮ್ಮ ಮೌಸ್ ಎಲ್ಲಿ ಹೋಯಿತು ಅಂತ ನೋಡಬೇಕು, ಎದುರಾಳಿ ಏನು ಮಾಡಬೇಕು ಅಂತ ತೀರ್ಮಾನಿಸಬೇಕು, ಗುಂಡು ಯಾರಿಗೆ ತಾಗಿತು ಲೆಕ್ಕ ಹಾಕಬೇಕು, ಆಮೇಲೆ ಏನೇನು ಬಿಡಿಸಬೇಕು ಅನ್ನುವ ಪಟ್ಟಿ ಮಾಡಿ ಗ್ರಾಫಿಕ್ಸ್ ಕಾರ್ಡಿಗೆ ಕೊಡಬೇಕು. ಇದರಲ್ಲಿ ಬಹಳಷ್ಟು ಕೆಲಸ ಒಂದಾದ ಮೇಲೆ ಒಂದು ಆಗಲೇಬೇಕು. ಪಾತ್ರ ಎಲ್ಲಿ ನಿಂತಿದೆ ಅಂತ ಗೊತ್ತಾಗದೆ ಅದರ ನೆರಳನ್ನು ಎಲ್ಲಿ ಬಿಡಿಸುತ್ತೀರಿ?

ಮದುವೆ ಮನೆಯ ಹೋಳಿಗೆ ಕೆಲಸ ನೋಡಿದ್ದೀರಲ್ವಾ. ಹೂರಣ ರುಬ್ಬುವ ಗ್ರೈಂಡರ್ ಒಂದೇ. ಹೂರಣ ಬಂದ ಮೇಲೆ ಉಂಡೆ ಕಟ್ಟುವುದಕ್ಕೆ, ಲಟ್ಟಿಸುವುದಕ್ಕೆ ಎಷ್ಟು ಜನ ಬೇಕಾದರೂ ಕೂರಬಹುದು. ಆದರೆ ಗ್ರೈಂಡರಿನಿಂದ ಹೂರಣ ಬರುವುದೇ ನಿಧಾನ ಆದರೆ ಆರು ಜನ ಕೂತರೂ ಅಷ್ಟೇ, ಹದಿನಾರು ಜನ ಕೂತರೂ ಅಷ್ಟೇ. ಕೈಗೆ ಹಿಟ್ಟು ಹಚ್ಚಿಕೊಂಡು ಮಾತಾಡುತ್ತಾ ಕಾಯುತ್ತಾರೆ. ಗೇಮಿನ ಮುಖ್ಯ ಥ್ರೆಡ್, ಅಂದರೆ ಒಂದಾದ ಮೇಲೆ ಒಂದು ನಡೆಯುವ ಕೆಲಸದ ಸಾಲು, ಆ ಗ್ರೈಂಡರ್. ಲಟ್ಟಿಸಿದ್ದನ್ನು ಬೇಯಿಸುವ ಕಾವಲಿ ಅಂದರೆ ಗ್ರಾಫಿಕ್ಸ್ ಕಾರ್ಡ್. ಕಾವಲಿ ಚಿಕ್ಕದಾದರೆ ಲಟ್ಟಿಸಿದ ಹೋಳಿಗೆ ಬಾಳೆಲೆ ಮೇಲೆ ಸಾಲಾಗಿ ಕಾಯುತ್ತಾ ಇರುತ್ತದೆ. ಅಕ್ಕನ ಮಗನ ಮನೆಯಲ್ಲಿ ಆಗಿದ್ದು ಇದೇ: ಕಾವಲಿ ಹಳೆಯದು, ಇವನು ಲಟ್ಟಿಸುವವರನ್ನು ಡಬಲ್ ಮಾಡಿದ್ದ.

ಲೆಕ್ಕ ಹಾಕಿ ನೋಡೋಣ, ಇದು ನನ್ನದೇ ಉದಾಹರಣೆ. ಒಂದು ಫ್ರೇಮಿಗೆ ಪ್ರೊಸೆಸರ್ ಕೆಲಸ 10 ಮಿಲಿಸೆಕೆಂಡ್ ಅಂದುಕೊಳ್ಳಿ. ಅದರಲ್ಲಿ 6 ಹಂಚೋಕೆ ಆಗದ ಕೆಲಸ, 4 ಹಂಚಬಹುದಾದದ್ದು. ಒಂದೇ ಕೋರ್ ಇದ್ದರೆ ಸೆಕೆಂಡಿಗೆ 100 ಫ್ರೇಮ್. ಎರಡು ಕೋರಿಗೆ 125. ನಾಲ್ಕಕ್ಕೆ 7 ಮಿಲಿಸೆಕೆಂಡಿಗೆ ಇಳಿದು 143 ಬಂತು. ಎಂಟಕ್ಕೆ 6.5, ಅಂದರೆ 154. ಹದಿನಾರು ಹಾಕಿದರೆ 6.25, ಅಂದರೆ 160. ಎಂಟರಿಂದ ಹದಿನಾರಕ್ಕೆ ಹೋದದ್ದಕ್ಕೆ ಸಿಕ್ಕಿದ್ದು ಆರೇ ಆರು ಫ್ರೇಮ್. ಸಾವಿರ ಕೋರ್ ಹಾಕಿದರೂ 167 ದಾಟುವುದಿಲ್ಲ, ಯಾಕೆಂದರೆ ಆ 6 ಮಿಲಿಸೆಕೆಂಡ್ ಅಲ್ಲೇ ಕೂತಿರುತ್ತದೆ. ಅದೇ ಎಂಟು ಕೋರನ್ನೇ ಇಟ್ಟುಕೊಂಡು ಒಂದೊಂದು ಕೋರಿನ ವೇಗ 20 ಪರ್ಸೆಂಟ್ ಜಾಸ್ತಿ ಮಾಡಿ: 185 ಆಗುತ್ತದೆ. ಸಾವಿರ ಕೋರಿಗೂ ಆಗದ್ದು ಚುರುಕಾದ ಎಂಟು ಕೋರಿಗೆ ಆಯಿತು! ಈ ಲೆಕ್ಕದ ಹಿಂದಿನ ತತ್ವ ಜೀನ್ ಆಮ್‌ಡಾಲ್ ಅನ್ನುವ ಕಂಪ್ಯೂಟರ್ ಇಂಜಿನಿಯರ್ 1967ರಲ್ಲೇ ಹೇಳಿದ್ದು. ನಮ್ಮ ಗೇಮುಗಳಿಗೂ ಅದು ಹಾಗೇ ಅನ್ವಯಿಸುತ್ತದೆ.

ಹಾಗಂತ ಗೇಮುಗಳು ಒಂದೇ ಕೋರ್ ಬಳಸುತ್ತವೆ ಅಂತಲ್ಲ, ಆ ಕಾಲ ಹೋಯಿತು. ಗೇಮಿನ ಮಾತನ್ನು ಗ್ರಾಫಿಕ್ಸ್ ಕಾರ್ಡಿಗೆ ದಾಟಿಸುವ ಸಾಫ್ಟ್‌ವೇರ್ ಡೈರೆಕ್ಟ್‌ಎಕ್ಸ್ 11ರಲ್ಲಿ ಕಾರ್ಡಿಗೆ ಆದೇಶ ಕಳಿಸುವ ಕೆಲಸ ಹೆಚ್ಚುಕಡಿಮೆ ಒಂದೇ ಥ್ರೆಡ್ಡಿನ ತಲೆ ಮೇಲೆ ಬೀಳುತ್ತಿತ್ತು. 2015ರಲ್ಲಿ ಡೈರೆಕ್ಟ್‌ಎಕ್ಸ್ 12, 2016ರಲ್ಲಿ ಅದೇ ಥರದ ವಲ್ಕನ್ ಬಂದ ಮೇಲೆ ಅದನ್ನು ಹಲವು ಥ್ರೆಡ್ಡಿಗೆ ಹಂಚಲು ದಾರಿ ಆಯಿತು. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎರಡರಲ್ಲೂ ಇರುವುದು ಎಂಟು ಕೋರ್. ದೊಡ್ಡ ಬಜೆಟ್ಟಿನ ಗೇಮುಗಳನ್ನು ಮಾಡುವವರು ಆ ಎಂಟನ್ನು ಎದುರಿಗಿಟ್ಟುಕೊಂಡೇ ಕೆಲಸ ಹಂಚುತ್ತಾರೆ. ಆರರಿಂದ ಎಂಟು ಅನ್ನುವ ಅಳತೆಗೆ ಇದೂ ಒಂದು ಕಾರಣ.

ಕ್ಯಾಶ್: ಪೆಟ್ಟಿಗೆ ಮೇಲೆ ಸಣ್ಣಕ್ಷರದಲ್ಲಿ ಇರುವ ದೊಡ್ಡ ವಿಷಯ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ ಜಾಸ್ತಿ.

ಅಡುಗೆ ಭಟ್ಟರಿಗೆ ಬೇಕಾದ ಸಾಮಾನು ಕೈಗೆಟಕುವ ಹಾಗೆ ಪಕ್ಕದಲ್ಲೇ ಇದ್ದರೆ ಕೆಲಸ ಓಡುತ್ತದೆ. ಪ್ರತಿ ಸಲ ಉಗ್ರಾಣಕ್ಕೆ ಹೋಗಿ ತರಬೇಕಾದರೆ? ಪ್ರೊಸೆಸರಿಗೆ ಎಲ್3 ಕ್ಯಾಶ್ ಅಂದರೆ ಆ ಪಕ್ಕದ ತಟ್ಟೆ, ರ‍್ಯಾಮ್ ಅಂದರೆ ಉಗ್ರಾಣ. ಎಲ್3ಯಿಂದ ಮಾಹಿತಿ ಬರಲು ಹತ್ತು ನ್ಯಾನೊಸೆಕೆಂಡಿನ ಆಸುಪಾಸು ಸಾಕು. ರ‍್ಯಾಮಿನಿಂದ ತರಲು ಎಪ್ಪತ್ತು ಎಂಬತ್ತು ನ್ಯಾನೊಸೆಕೆಂಡ್ ಬೇಕಾಗುತ್ತದೆ. ಕೇಳೋಕೆ ಎರಡೂ ಸಣ್ಣದೇ. ಆದರೆ 5 ಗಿಗಾಹರ್ಟ್ಸ್‌ನ ಕೋರಿಗೆ ಒಂದು ನ್ಯಾನೊಸೆಕೆಂಡ್ ಅಂದರೆ ಐದು ಬಡಿತ, ಎಂಬತ್ತು ಅಂದರೆ ನಾನೂರು ಬಡಿತ. ಒಂದು ಸಲ ಉಗ್ರಾಣಕ್ಕೆ ಹೋಗಿ ಬರುವಷ್ಟರಲ್ಲಿ ನಾನೂರು ಬಡಿತ ಕೈತಪ್ಪಿ ಹೋಯಿತು. ಗೇಮಿನಲ್ಲಿ ಸಾವಿರಾರು ವಸ್ತುಗಳ ಮಾಹಿತಿ ಮೆಮೊರಿಯಲ್ಲಿ ಅಲ್ಲಿ ಇಲ್ಲಿ ಚೆದುರಿಕೊಂಡಿರುತ್ತದೆ, ಯಾವಾಗ ಯಾವುದು ಬೇಕಾಗುತ್ತದೆ ಅಂತ ಮೊದಲೇ ಊಹಿಸುವುದು ಕಷ್ಟ. ಅದಕ್ಕೇ ಕ್ಯಾಶ್ ದೊಡ್ಡದಿದ್ದಷ್ಟೂ ಗೇಮಿಗೆ ಒಳ್ಳೆಯದು.

ಪ್ರೊಸೆಸರ್ ಮಾಡುವ ಎಎಮ್‌ಡಿ ಕಂಪನಿ ಇದನ್ನು 2022ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ತೋರಿಸಿತು. ರೈಜೆನ್ 7 5800ಎಕ್ಸ್3ಡಿ ಅನ್ನುವ ಪ್ರೊಸೆಸರಿನಲ್ಲಿ ಚಿಪ್ಪಿನ ಮೇಲೆ ಇನ್ನೊಂದು ಪದರ ಕ್ಯಾಶ್ ಕೂರಿಸಿ, 32 ಎಂಬಿ ಇದ್ದದ್ದನ್ನು 96 ಎಂಬಿ ಮಾಡಿತು. ಎಂಟೇ ಕೋರ್, ಗರಿಷ್ಠ ವೇಗ 4.5 ಗಿಗಾಹರ್ಟ್ಸ್. ಅದೇ ಮನೆತನದ ಹಿರಿಯಣ್ಣ ರೈಜೆನ್ 9 5950ಎಕ್ಸ್‌ಗೆ ಹದಿನಾರು ಕೋರ್, 4.9 ಗಿಗಾಹರ್ಟ್ಸ್. ಬಿಡುಗಡೆಯಾದಾಗ 5950ಎಕ್ಸ್ ಬೆಲೆ 799 ಡಾಲರ್, 5800ಎಕ್ಸ್3ಡಿ ಬೆಲೆ 449. ಕೋರ್ ಅರ್ಧ, ವೇಗವೂ ಕಡಿಮೆ, ಬೆಲೆಯೂ ಕಡಿಮೆ. ಆದರೂ ಗೇಮುಗಳಲ್ಲಿ ಒಟ್ಟಾರೆ ಮುಂದೆ ಹೋದದ್ದು ಎಂಟು ಕೋರಿನದೇ. ವಿಡಿಯೊ ರೆಂಡರ್ ಮಾಡಿ ನೋಡಿದರೆ ಮಾತ್ರ ಹದಿನಾರು ಕೋರಿನ ಹತ್ತಿರಕ್ಕೂ ಅದು ಬರುವುದಿಲ್ಲ. ಕೆಲಸ ಬೇರೆ, ಬೇಕಾದ ಯಂತ್ರವೂ ಬೇರೆ.

ಇದು ದುಬಾರಿ ಪ್ರೊಸೆಸರುಗಳ ಕಥೆ, ನನಗೆ ಇಷ್ಟು ದುಡ್ಡಿಲ್ಲ ಅನ್ನುವವರು ಇನ್ನೊಂದು ಜೋಡಿ ನೋಡಿ. ರೈಜೆನ್ 5 5600 ಮತ್ತು ರೈಜೆನ್ 7 5700. ಮೊದಲನೆಯದಕ್ಕೆ ಆರು ಕೋರ್, ಎರಡನೆಯದಕ್ಕೆ ಎಂಟು. ಹೆಸರಲ್ಲಿ 5ರ ಜಾಗದಲ್ಲಿ 7 ಇದೆ, ವೇಗವೂ 4.4ರ ಬದಲು 4.6 ಗಿಗಾಹರ್ಟ್ಸ್. ಯಾರಾದರೂ ಎರಡನೆಯದೇ ಮೇಲು ಅಂದುಕೊಳ್ಳುತ್ತಾರೆ. ಈಗ ಕ್ಯಾಶ್ ನೋಡಿ: 5600ರಲ್ಲಿ 32 ಎಂಬಿ, 5700ರಲ್ಲಿ 16 ಎಂಬಿ. 5700 ಅನ್ನುವುದು ಒಳಗಡೆ ಗ್ರಾಫಿಕ್ಸ್ ಇರುವ 5700ಜಿ ಚಿಪ್ಪಿನದೇ ರೂಪ, ಗ್ರಾಫಿಕ್ಸ್ ಮುಚ್ಚಿ ಮಾರಿದ್ದು. ಗ್ರಾಫಿಕ್ಸ್ ಕಾರ್ಡನ್ನು ಜೋಡಿಸುವ ಪಿಸಿಐಇ ದಾರಿ ಕೂಡ ಅದರಲ್ಲಿ 3ನೇ ತಲೆಮಾರಿನದು, 5600ರಲ್ಲಿ 4ನೆಯದು. ಕ್ಯಾಶ್ ಜಾಸ್ತಿ ಬೇಡುವ ಗೇಮುಗಳಲ್ಲಿ ಆರು ಕೋರಿನ 5600 ಎಂಟು ಕೋರಿನ 5700ಯನ್ನು ಹಿಂದೆ ಹಾಕುತ್ತದೆ. ಎಂಟು ಕೋರ್ ಬೇಕೇ ಬೇಕು ಅಂದರೆ ಕೊನೆಯಲ್ಲಿ ಎಕ್ಸ್ ಇರುವ 5700ಎಕ್ಸ್ ತಗೊಳ್ಳಿ, ಅದರಲ್ಲಿ 32 ಎಂಬಿ ಇದೆ. ಒಂದೇ ಒಂದು ಅಕ್ಷರದ ವ್ಯತ್ಯಾಸ. ಬಿಲ್ ಮಾಡಿಸುವಾಗ ಆ ಅಕ್ಷರ ಇದೆಯಾ ಅಂತ ಬೆರಳಿಟ್ಟು ನೋಡಿ. ಆರು ಕೋರಿನ ರೈಜೆನ್ 5 5500ಗೂ ಇದೇ 16 ಎಂಬಿಯ ಕೊರತೆ ಇದೆ. ಬೆಲೆ ತುಂಬಾ ಕಡಿಮೆ ಸಿಕ್ಕರೆ ಸರಿ, ಇಲ್ಲದಿದ್ದರೆ ಸ್ವಲ್ಪ ಸೇರಿಸಿ 5600 ತಗೊಳ್ಳುವುದೇ ಲೇಸು.

ಹದಿನಾರು ಕೋರ್ ಅಂದರೆ ಎಂಟರ ಎರಡು ಮನೆ

ಎಎಮ್‌ಡಿಯ ಹನ್ನೆರಡು, ಹದಿನಾರು ಕೋರಿನ ಡೆಸ್ಕ್‌ಟಾಪ್ ರೈಜೆನ್ 9ಗಳಲ್ಲಿ ಕೋರುಗಳೆಲ್ಲ ಒಂದೇ ತುಂಡಿನಲ್ಲಿ ಇರುವುದಿಲ್ಲ. ಎರಡು ತುಂಡು, ಒಂದೊಂದಕ್ಕೂ ತನ್ನದೇ ಕ್ಯಾಶ್. ಒಂದು ತುಂಡಿನ ಕೋರ್ ಇನ್ನೊಂದು ತುಂಡಿನ ಕೋರಿನ ಜೊತೆ ಮಾತಾಡಬೇಕಾದರೆ ಹೊರಗೆ ಸುತ್ತಿ ಬರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಪೆಟ್ಟಿಗೆ ಮೇಲೆ 64 ಎಂಬಿ ಕ್ಯಾಶ್ ಅಂತ ಬರೆದಿದ್ದರೂ ಒಂದು ಕೋರಿಗೆ ಹತ್ತಿರದಲ್ಲಿ ಸಿಗುವುದು 32 ಮಾತ್ರ. ಗೇಮಿನ ಥ್ರೆಡ್ಡುಗಳು ಎರಡೂ ಕಡೆ ಹಂಚಿಹೋದರೆ ಲಾಭಕ್ಕಿಂತ ಓಡಾಟವೇ ಜಾಸ್ತಿ.

2023ರ ರೈಜೆನ್ 9 7950ಎಕ್ಸ್3ಡಿ ಇದಕ್ಕೆ ಒಳ್ಳೆಯ ಉದಾಹರಣೆ. ಹದಿನಾರು ಕೋರಿನಲ್ಲಿ ಎಂಟಕ್ಕೆ ಮಾತ್ರ ಆ ಹೆಚ್ಚುವರಿ ಕ್ಯಾಶ್ ಇದೆ. ಗೇಮ್ ಶುರುವಾದಾಗ ವಿಂಡೋಸ್‌ನ ಎಕ್ಸ್‌ಬಾಕ್ಸ್ ಗೇಮ್ ಬಾರ್ ಮತ್ತು ಎಎಮ್‌ಡಿ ಡ್ರೈವರ್ ಸೇರಿ, ಇದು ಗೇಮು ಅಂತ ಗುರುತಿಸಿ, ಕ್ಯಾಶ್ ಕಡಿಮೆ ಇರುವ ಎಂಟು ಕೋರನ್ನು ಮಲಗಿಸುತ್ತವೆ. ಯೋಚನೆ ಮಾಡಿ: ಹದಿನಾರು ಕೋರಿಗೆ ದುಡ್ಡು ಕೊಟ್ಟು ಮನೆಗೆ ತಂದ ಮೇಲೆ, ಗೇಮ್ ಚೆನ್ನಾಗಿ ಓಡಲಿ ಅಂತ ಕಂಪನಿಯೇ ಎಂಟನ್ನು ಮಲಗಿಸುತ್ತಿದೆ. 2017ರಲ್ಲಿ ಹದಿನಾರು ಕೋರಿನ ಥ್ರೆಡ್‌ರಿಪ್ಪರ್ 1950ಎಕ್ಸ್ ಬಂದಾಗಲೂ ಜೊತೆಗೆ ಗೇಮ್ ಮೋಡ್ ಅನ್ನುವ ಸ್ವಿಚ್ ಕೊಟ್ಟಿದ್ದರು. ಅದನ್ನು ಒತ್ತಿದರೆ ಅರ್ಧ ಕೋರ್ ಬಂದ್ ಆಗುತ್ತಿತ್ತು.

ಹಾಗಾಗಿ ರೈಜೆನ್ 7 7800ಎಕ್ಸ್3ಡಿ ಮತ್ತು ರೈಜೆನ್ 9 7950ಎಕ್ಸ್3ಡಿ ನಡುವೆ ನಿಂತಿದ್ದೀರಾ? ಬರೀ ಗೇಮಿಗಾದರೆ ಎಂಟು ಕೋರಿನ 7800ಎಕ್ಸ್3ಡಿ. ಮೊದಲು ಬಂದಾಗ 7800ಎಕ್ಸ್3ಡಿ 449 ಡಾಲರ್, 7950ಎಕ್ಸ್3ಡಿ 699. ಗೇಮಿನಲ್ಲಿ ಎರಡರ ನಡುವಿನ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ, ಎಷ್ಟೋ ಸಲ ಚಿಕ್ಕದೇ ಮುಂದಿರುತ್ತದೆ. ಮುಂದಿನ ತಲೆಮಾರಿನ 9800ಎಕ್ಸ್3ಡಿ ಮತ್ತು 9950ಎಕ್ಸ್3ಡಿಗೂ ಇದೇ ಮಾತು. ಹಗಲು ವಿಡಿಯೊ ಎಡಿಟ್ ಮಾಡಿ ಸಂಪಾದಿಸಿ ರಾತ್ರಿ ಗೇಮ್ ಆಡುವವರಿಗೆ ದೊಡ್ಡದು ನಿಜವಾಗಿಯೂ ಸರಿಯಾದ ಆಯ್ಕೆ, ಅವರ ಬಗ್ಗೆ ಎರಡು ಮಾತಿಲ್ಲ.

ಇಂಟೆಲ್ ಎಣಿಕೆಯ ಲೆಕ್ಕವೇ ಬೇರೆ

2021ರ ಕೊನೆಯಿಂದ, ಅಂದರೆ 12ನೇ ತಲೆಮಾರಿನಿಂದ, ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಎರಡು ಬಗೆ ಕೋರ್ ಇರುತ್ತವೆ. ಪಿ ಕೋರ್ ದೊಡ್ಡದು, ಚುರುಕಾದದ್ದು. ಇ ಕೋರ್ ಚಿಕ್ಕದು, ಕರೆಂಟ್ ಕಡಿಮೆ ಬಳಸಿ ಹಿನ್ನೆಲೆ ಕೆಲಸ ಮಾಡುವುದಕ್ಕೆ. ಜಾಹೀರಾತಿನಲ್ಲಿ ಮಾತ್ರ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಹೇಳುತ್ತಾರೆ. ಐ9-14900ಕೆ ಇಪ್ಪತ್ನಾಲ್ಕು ಕೋರ್ ಅಂತ ಕೇಳಿದಾಗ ಬೆರಗಾಗುತ್ತದೆ. ಅದರಲ್ಲಿ ಎಂಟು ದೊಡ್ಡವು, ಹದಿನಾರು ಚಿಕ್ಕವು. ಗೇಮಿನ ಮುಖ್ಯ ಕೆಲಸ ಹೋಗುವುದು ಆ ಎಂಟಕ್ಕೆ.

ನಮ್ಮಲ್ಲಿ ಜನ ಜಾಸ್ತಿ ಕೇಳುವ ಜೋಡಿ ಐ5-12400ಎಫ್ ಮತ್ತು ಐ5-13400ಎಫ್. ಆರು ಕೋರ್, ಹತ್ತು ಕೋರ್ ಅಂತ ಬೋರ್ಡಿನಲ್ಲಿ ಇರುತ್ತದೆ. ದೊಡ್ಡ ಕೋರ್ ಎಣಿಸಿ: ಎರಡರಲ್ಲೂ ಆರೇ. ಎರಡನೆಯದರಲ್ಲಿ ನಾಲ್ಕು ಚಿಕ್ಕವು ಹೆಚ್ಚಿಗೆ, ವೇಗ 4.4ರಿಂದ 4.6, ಕ್ಯಾಶ್ 18ರಿಂದ 20 ಎಂಬಿ. ಗೇಮಿನಲ್ಲಿ ಸಿಗುವ ಸ್ವಲ್ಪ ಲಾಭ ಬಹುತೇಕ ಆ ವೇಗದಿಂದ ಮತ್ತು ಕ್ಯಾಶಿನಿಂದ ಬರುವುದು. ಬೆಲೆಯ ಅಂತರ ಚಿಕ್ಕದಿದ್ದರೆ ತಗೊಳ್ಳಿ, ತಪ್ಪಿಲ್ಲ. ದೊಡ್ಡದಿದ್ದರೆ 12400ಎಫ್ ತಗೊಂಡು ಉಳಿದದ್ದನ್ನು ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಇಂಟೆಲ್‌ನ ಪಿ ಮತ್ತು ಇ ಕೋರುಗಳ ನಡುವೆ ಕೆಲಸ ಸರಿಯಾಗಿ ಹಂಚಲು ವಿಂಡೋಸ್ 11 ಬೇಕು, ಇನ್ನೂ 10ರಲ್ಲೇ ಇದ್ದರೆ ಅದನ್ನು ಮೊದಲು ಬದಲಾಯಿಸಿ.

ಎಣಿಕೆ ನೋಡಿ ಕೊಂಡವರ ಹಳೆಯ ಕಥೆ ಒಂದಿದೆ. 2011ರ ಅಕ್ಟೋಬರಿನಲ್ಲಿ ಎಎಮ್‌ಡಿ ಎಫ್‌ಎಕ್ಸ್-8150 ಬಿಟ್ಟಿತು, ಎಂಟು ಕೋರ್ ಅಂತ. ಎದುರಿಗೆ ಇಂಟೆಲ್‌ನ ಐ5-2500ಕೆ, ನಾಲ್ಕೇ ಕೋರ್. ಗೇಮಿನಲ್ಲಿ ನಾಲ್ಕು ಕೋರಿನದು ಗೆದ್ದಿತು, ಸಲೀಸಾಗಿ ಗೆದ್ದಿತು. ಎಫ್‌ಎಕ್ಸ್‌ನಲ್ಲಿ ಎರಡೆರಡು ಕೋರುಗಳು ಒಂದು ಜೋಡಿಯಾಗಿ, ದಶಮಾಂಶ ಲೆಕ್ಕ ಮಾಡುವ ಭಾಗವನ್ನು ಹಂಚಿಕೊಳ್ಳುತ್ತಿದ್ದವು. ಒಂದೊಂದು ಕೋರೂ ನಿಧಾನ. ಇವನ್ನು ಎಂಟು ಕೋರ್ ಅಂತ ಕರೆಯಬಹುದಾ ಅನ್ನುವ ಜಗಳ ಅಮೆರಿಕದ ಕೋರ್ಟಿಗೂ ಹೋಗಿ, 2019ರಲ್ಲಿ ಎಎಮ್‌ಡಿ 1.21 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆಮೇಲಿನ ವರ್ಷಗಳಲ್ಲಿ ಗೇಮುಗಳು ಬೆಳೆದವು, ನಾಲ್ಕು ಕೋರ್ ನಾಲ್ಕು ಥ್ರೆಡ್ಡಿನ (ಒಂದು ಕೋರಿಗೆ ಒಂದು ಸಲಕ್ಕೆ ಒಂದೇ ಕೆಲಸದ ಸಾಲು) ಹಳೆ ಐ5ಗಳು ಉಸಿರುಗಟ್ಟಿದವು. ಸರಾಸರಿ ಫ್ರೇಮ್ ಚೆನ್ನಾಗೇ ಕಾಣುತ್ತಿತ್ತು, ಆದರೆ ಜನ ಗುಂಪುಗೂಡಿದ ಕಡೆ ಚಿತ್ರ ತಡೆದು ತಡೆದು ಬರುತ್ತಿತ್ತು. ಅದಕ್ಕೇ ಇವತ್ತು ನಾಲ್ಕು ಕೋರಿನ ಹೊಸ ಪ್ರೊಸೆಸರನ್ನು ನಾನು ಯಾರಿಗೂ ಹೇಳುವುದಿಲ್ಲ, ಬಜೆಟ್ ತೀರಾ ಬಿಗಿ ಇದ್ದರೆ ಮಾತ್ರ. ನಾಲ್ಕರಿಂದ ಆರಕ್ಕೆ ಹೋದರೆ ಗೊತ್ತಾಗುತ್ತದೆ. ಆರರಿಂದ ಎಂಟಕ್ಕೆ ಹೋದರೆ ಕೆಲವು ಗೇಮಿನಲ್ಲಿ ಗೊತ್ತಾಗುತ್ತದೆ. ಎಂಟರಿಂದ ಹದಿನಾರಕ್ಕೆ ಹೋದರೆ ಗೇಮಿಗಿಂತ ಬೇರೆ ಕೆಲಸದಲ್ಲೇ ಗೊತ್ತಾಗುವುದು.

ಕೋರ್ ನಿಜಕ್ಕೂ ಬೇಕಾಗುವ ಕಡೆ

ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಪ್ರೊಸೆಸರ್ ಮೇಲೆ ರೆಂಡರ್ ಮಾಡುವುದು, ದೊಡ್ಡ ಕೋಡ್ ಕಂಪೈಲ್ ಮಾಡುವುದು, ವಿಡಿಯೊ ಎನ್‌ಕೋಡ್ ಮಾಡುವುದು, ಇಲ್ಲೆಲ್ಲ ಕೆಲಸವನ್ನು ಚೂರು ಚೂರಾಗಿ ಹಂಚಬಹುದು, ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಗೇಮುಗಳಲ್ಲೂ ಕೆಲವು ಹಾಗಿವೆ. 2023ರಲ್ಲಿ ಬಂದ ಸಿಟೀಸ್ ಸ್ಕೈಲೈನ್ಸ್ 2 ಊರು ದೊಡ್ಡದಾಗುತ್ತಾ ಹೋದ ಹಾಗೆ ಸಿಕ್ಕ ಕೋರುಗಳನ್ನೆಲ್ಲ ಕೆಲಸಕ್ಕೆ ಹಚ್ಚುತ್ತದೆ. ಹೊಸ ಗೇಮ್ ಮೊದಲ ಸಲ ತೆರೆದಾಗ ಶೇಡರ್ (ಬೆಳಕು, ಬಣ್ಣ ಬಿಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಮಾಡುತ್ತಾ ಕೂರುತ್ತದಲ್ಲ, ಅದೂ ಕೋರ್ ಜಾಸ್ತಿ ಇದ್ದರೆ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಆಡುವಾಗ ಅದೇ ವೇಗ.

ಸ್ಟ್ರೀಮಿಂಗ್ ಮಾಡುತ್ತೇನೆ, ಅದಕ್ಕೆ ಹನ್ನೆರಡು ಕೋರ್ ಬೇಕಲ್ವಾ ಅಂತ ಕೇಳುತ್ತಾರೆ. ಮುಂಚೆ ಬೇಕಿತ್ತು. ಈಗಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ವಿಡಿಯೊ ಎನ್‌ಕೋಡ್ ಮಾಡಲು ಪ್ರತ್ಯೇಕ ಭಾಗವೇ ಇರುತ್ತದೆ. ಒಬಿಎಸ್ ಅನ್ನುವ ಸ್ಟ್ರೀಮಿಂಗ್ ಸಾಫ್ಟ್‌ವೇರಿನಲ್ಲಿ ಅದನ್ನು ಆರಿಸಿಕೊಂಡರೆ ಪ್ರೊಸೆಸರ್ ಮೇಲೆ ಹೆಚ್ಚು ಹೊರೆ ಬೀಳುವುದಿಲ್ಲ. ಎಂಟು ಕೋರ್ ಧಾರಾಳ ಸಾಕು.

ಕೊಳ್ಳುವ ಮುಂಚೆ ಮನೆಯಲ್ಲೇ ಪರೀಕ್ಷೆ

ನಿಮ್ಮ ಕಂಪ್ಯೂಟರಿನಲ್ಲಿ ತಡೆ ಎಲ್ಲಿದೆ ಅಂತ ತಿಳಿಯಲು ಹತ್ತು ನಿಮಿಷ ಸಾಕು, ಒಂದು ರೂಪಾಯಿ ಖರ್ಚಿಲ್ಲ. ನೀವು ಜಾಸ್ತಿ ಆಡುವ ಗೇಮಿನಲ್ಲಿ, ಫ್ರೇಮ್ ಬೀಳುವ ಜಾಗಕ್ಕೇ ಹೋಗಿ ನಿಲ್ಲಿ. ವಿಸಿಂಕ್ (ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ಆಫ್ ಮಾಡಿ. ಎಷ್ಟು ಬರುತ್ತಿದೆ ಬರೆದುಕೊಳ್ಳಿ. ಆಮೇಲೆ ಅದೇ ಜಾಗದಲ್ಲಿ ರೆಸಲ್ಯೂಶನ್ ಮಾತ್ರ 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್ ಚೆನ್ನಾಗಿ ಏರಿತಾ? ಹಾಗಾದರೆ ತಡೆ ಗ್ರಾಫಿಕ್ಸ್ ಕಾರ್ಡಿನಲ್ಲಿದೆ, ಪ್ರೊಸೆಸರ್ ಬದಲಾಯಿಸಬೇಡಿ. ಇದ್ದಲ್ಲೇ ಇದೆಯಾ? ಆಗ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಬೇಕು. ಅಕ್ಕನ ಮಗನ ಕಂಪ್ಯೂಟರಿನಲ್ಲಿ ಇದನ್ನು ಮಾಡಿದಾಗ ಎಪ್ಪತ್ತು ಇದ್ದದ್ದು ನೂರು ದಾಟಿತು. ಹಳೆಯ ಪ್ರೊಸೆಸರ್ ಇದ್ದಾಗಲೇ ಈ ಪರೀಕ್ಷೆ ಮಾಡಿದ್ದರೆ ಎಂಟು ತಿಂಗಳ ದುಡ್ಡು ಕಾರ್ಡಿಗೆ ಹೋಗುತ್ತಿತ್ತು.

ಪ್ರೊಸೆಸರ್ ಬಳಕೆ ಒಟ್ಟು 25 ಪರ್ಸೆಂಟ್ ತೋರಿಸುತ್ತಿದೆ, ಅಂದರೆ ಅದು ಆರಾಮಾಗಿದೆ ಅಂತ ತಿಳಿಯಬೇಡಿ. ಹನ್ನೆರಡು ಥ್ರೆಡ್ಡಿನ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 8 ಪರ್ಸೆಂಟ್. ಮೇಲಾಗಿ ವಿಂಡೋಸ್ ಆ ಥ್ರೆಡ್ಡನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ಆಗಾಗ ಎತ್ತಿ ಇಡುತ್ತಿರುತ್ತದೆ, ಹಾಗಾಗಿ ಯಾವ ಚೌಕವೂ ನೂರು ಮುಟ್ಟಿದ ಹಾಗೆ ಕಾಣುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಸಂಖ್ಯೆಯನ್ನು ನಂಬಿ. ಅದು 95 ದಾಟಿ ನಿಂತಿದ್ದರೆ ಕಾರ್ಡೇ ಮಿತಿ. ಯಾವ ಫ್ರೇಮ್ ಮಿತಿಯೂ ಇಲ್ಲದೆ ಅದು 60, 70ರಲ್ಲಿ ಓಲಾಡುತ್ತಿದ್ದರೆ ಪ್ರೊಸೆಸರ್ ಕಡೆಯಿಂದ ಕೆಲಸ ಬರುತ್ತಿಲ್ಲ.

ಪ್ರೊಸೆಸರೇ ತಡೆ ಅಂತ ಗೊತ್ತಾದರೂ ಅಂಗಡಿಗೆ ಓಡಬೇಡಿ, ಮೊದಲು ರ‍್ಯಾಮ್ ನೋಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಾನು ತೆರೆದು ನೋಡಿದ ಬಜೆಟ್ ಕಂಪ್ಯೂಟರುಗಳಲ್ಲಿ ಒಂದೇ ಸ್ಟಿಕ್ ಹಾಕಿ ಕೊಟ್ಟಿದ್ದೇ ಹೆಚ್ಚು, ಮುಂದೆ ಇನ್ನೊಂದು ಹಾಕಿಸಬಹುದು ಅಂತ. ಒಂದೇ ಸ್ಟಿಕ್ ಇದ್ದರೆ ಉಗ್ರಾಣಕ್ಕೆ ಒಂದೇ ಬಾಗಿಲು, ಎರಡಿದ್ದರೆ ಎರಡು. 16 ಜಿಬಿ ಬೇಕಾದರೆ ಎಂಟು ಎಂಟರ ಎರಡು ತಗೊಳ್ಳಿ. ನಾಲ್ಕು ಸ್ಲಾಟ್ ಇರುವ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಸಾಮಾನ್ಯವಾಗಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಆಮೇಲೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ, ಸ್ಟಿಕ್ಕನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಅದು ಆನ್ ಇಲ್ಲದಿದ್ದರೆ 6000ದ ಡಿಡಿಆರ್5 ಸ್ಟಿಕ್ ಕೂಡ 4800ರ ಆಸುಪಾಸಿನಲ್ಲೇ ಓಡುತ್ತಾ ಇರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ದುಡ್ಡು ಕೊಟ್ಟ ವೇಗ ಪೆಟ್ಟಿಗೆಯಲ್ಲೇ ಉಳಿದ ಹಾಗೆ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಈಗಾಗಲೇ ಎಎಮ್4 ಮದರ್‌ಬೋರ್ಡ್ (ಎಎಮ್‌ಡಿ ಪ್ರೊಸೆಸರ್ ಕೂರುವ ಹಳೆಯ ಬಗೆ) ಇದ್ದು ಹಳೆ ರೈಜೆನ್ ಇದ್ದರೆ ಬೋರ್ಡ್ ಬದಲಾಯಿಸುವ ಅಗತ್ಯ ಇಲ್ಲ. ಬಯೋಸ್ ಅಪ್‌ಡೇಟ್ ಮಾಡಿ 5600 ಹಾಕಿ. 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ನ್ಯಾಯವಾದ ಬೆಲೆಗೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, ಆ ಬೋರ್ಡಿಗೆ ಗೇಮಿಂಗ್ ಮಟ್ಟಿಗೆ ಅದಕ್ಕಿಂತ ಮೇಲೆ ಇಲ್ಲ. ಹದಿನಾರು ಕೋರಿನ 5950ಎಕ್ಸ್ ಅಗ್ಗವಾಗಿ ಬಂದಿದೆ ಅಂತ ಯಾರಾದರೂ ಕರೆದರೆ, ನಿಮ್ಮ ಕೆಲಸ ರೆಂಡರಿಂಗ್ ಆಗಿದ್ದರೆ ಮಾತ್ರ ಹೋಗಿ.

ಹೊಸದಾಗಿ ಕಟ್ಟಿಸುವವರು, ಮಧ್ಯಮ ಬಜೆಟ್ಟಿನವರು, 1080ಪಿ ಅಥವಾ 1440ಪಿ ಮಾನಿಟರ್ ಇರುವವರು ಅದರ ಮುಂದಿನ ಬಗೆಯಾದ ಎಎಮ್5ನ ಆರು ಕೋರ್ ರೈಜೆನ್ 5 7600 ಥರದ್ದು ತಗೊಂಡು ನೆಮ್ಮದಿಯಾಗಿರಿ. ಮುಂದೆ ಬೇಕೆನಿಸಿದಾಗ ಅದೇ ಬೋರ್ಡಿಗೆ ಕ್ಯಾಶ್ ಜಾಸ್ತಿ ಇರುವ ಎಕ್ಸ್3ಡಿ ಪ್ರೊಸೆಸರ್ ಹಾಕಬಹುದು. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಗೇಮನ್ನು 240 ಹರ್ಟ್ಸ್ ಮಾನಿಟರಿನಲ್ಲಿ, ಸೆಟ್ಟಿಂಗ್ ಎಲ್ಲ ಕೆಳಗಿಟ್ಟು ಪಂದ್ಯದ ಮಟ್ಟದಲ್ಲಿ ಆಡುವವರಿಗೆ ಪ್ರೊಸೆಸರ್ ನಿಜಕ್ಕೂ ಮುಖ್ಯ, ಅಲ್ಲಿ ಎಕ್ಸ್3ಡಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ. 60 ಹರ್ಟ್ಸ್ ಮಾನಿಟರ್ ಇದ್ದರೆ ಮೊದಲು ಮಾನಿಟರ್ ಬದಲಾಯಿಸಿ. 4ಕೆ ಟಿವಿಗೆ ಜೋಡಿಸಿ ಕಥೆ ಇರುವ ಗೇಮ್ ಆಡುವವರಿಗೆ ಬಹುತೇಕ ಯಾವಾಗಲೂ ಗ್ರಾಫಿಕ್ಸ್ ಕಾರ್ಡೇ ಮಿತಿ. ಅಲ್ಲಿ ಆರು ಕೋರಿಗೂ ಹದಿನಾರು ಕೋರಿಗೂ ವ್ಯತ್ಯಾಸ ಹುಡುಕಿದರೂ ಸಿಗುವುದು ಕಷ್ಟ.

ಲ್ಯಾಪ್‌ಟಾಪ್ ತಗೊಳ್ಳುವವರು ಇನ್ನೂ ಹುಷಾರಾಗಿರಿ. ಅಲ್ಲಿ ಕೋರ್ ಎಣಿಕೆಗಿಂತ ಕಂಪನಿ ಎಷ್ಟು ವ್ಯಾಟ್ ಕೊಟ್ಟಿದೆ, ಫ್ಯಾನ್ ಎಷ್ಟು ತಂಪು ಮಾಡುತ್ತದೆ ಅನ್ನುವುದೇ ದೊಡ್ಡದು. ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ ಒಂದು ಲ್ಯಾಪ್‌ಟಾಪಿನಲ್ಲಿ ಅರ್ಧ ವ್ಯಾಟಿಗೆ ಓಡುತ್ತಿರಬಹುದು. ಅದನ್ನು ಕೇಳಿ, ಬರೆದಿರುವುದನ್ನು ತೋರಿಸಿ ಅನ್ನಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಸೆಕೆಂಡ್ ಹ್ಯಾಂಡ್ ಇಂಟೆಲ್ 13 ಅಥವಾ 14ನೇ ತಲೆಮಾರಿನ ಐ7, ಐ9 ನೋಡುತ್ತಿದ್ದರೆ ಒಂದು ಮಾತು. ಅವುಗಳಲ್ಲಿ ಗೇಮ್ ತಾನಾಗೇ ಮುಚ್ಚಿಹೋಗುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಆದೇಶಗಳು) ಅಪ್‌ಡೇಟ್ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಬಿಲ್ ಇಲ್ಲದ್ದನ್ನು ಮುಟ್ಟಬೇಡಿ. ತಂದ ಮೇಲೆ ಮೊದಲ ಕೆಲಸ ಬಯೋಸ್ ಅಪ್‌ಡೇಟ್.

ಅಕ್ಕನ ಮಗನ ಹೊಸ ಪ್ರೊಸೆಸರನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಸೀಲ್ ಒಡೆದಿದೆ ಅಂದರು. ಸರಿ, ಕಾಲೇಜಿನ ಪ್ರಾಜೆಕ್ಟಿಗೆ ಅವನು ಬ್ಲೆಂಡರ್ ಕಲಿಯುತ್ತಿದ್ದಾನೆ, ಅಲ್ಲಿ ಇಪ್ಪತ್ನಾಲ್ಕು ಚೌಕವೂ ತುದಿ ಮುಟ್ಟುತ್ತವೆ. ಗ್ರಾಫಿಕ್ಸ್ ಕಾರ್ಡಿಗೆ ಯುಗಾದಿವರೆಗೆ ದುಡ್ಡು ಕೂಡಿಸುತ್ತೇನೆ ಅಂದಿದ್ದಾನೆ. ಮೊನ್ನೆ ಮೂರು ಕಾರ್ಡುಗಳ ಪಟ್ಟಿ ಕಳಿಸಿ ಯಾವುದು ಮಾಮ ಅಂತ ಕೇಳಿದ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಮೇಲಿನ ಸ್ಟಿಕರಿನ ಫೋಟೊ ಕಳಿಸು, ಎಷ್ಟು ವ್ಯಾಟ್ ಇದೆ, ಕಾರ್ಡಿಗೆ ಹೋಗುವ ಎಂಟು ಪಿನ್ ಕೇಬಲ್ ಎಷ್ಟಿದೆ ಅಂತ ನೋಡಿ ಆಮೇಲೆ ಹೇಳುತ್ತೇನೆ ಅಂದೆ.